ಇಸಿಜಿ ನಾರ್ಮಲ್ ಇದೆ, ಆದರೂ ಮಾತ್ರೆ ಯಾಕೆ?

ಪ್ರಶ್ನೆ: ನನಗೆ 42 ವರ್ಷ, ಗಂಡಸು. ಎತ್ತರ 168 ಸೆಂ.ಮೀ., ತೂಕ 68 ಕೆ.ಜಿ. ಸಿಗರೇಟು, ಮದ್ಯ ಎರಡೂ ಇಲ್ಲ. ದಿನಾ ಅರ್ಧ ಗಂಟೆ ನಡೆಯುತ್ತೇನೆ, ಆದರೆ ಕೆಲಸವೆಲ್ಲ ಕುರ್ಚಿಯಲ್ಲೇ. ತಂದೆಗೆ 51ನೇ ವಯಸ್ಸಿನಲ್ಲಿ ಹೃದಯಾಘಾತ ಆಗಿತ್ತು. ಆ ಹೆದರಿಕೆಯಿಂದ ತಪಾಸಣೆ ಮಾಡಿಸಿದೆ. ಇಸಿಜಿ, ಎಕೋ, ಟ್ರೆಡ್‌ಮಿಲ್ ಮೂರೂ ನಾರ್ಮಲ್. ಒಟ್ಟು ಕೊಲೆಸ್ಟ್ರಾಲ್ 208, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 138, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 38, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಇನ್ನೊಂದು ಬಗೆಯ ಕೊಬ್ಬು) 160. ಖಾಲಿ ಹೊಟ್ಟೆಯ ಸಕ್ಕರೆ 108, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 5.9. ಬಿಪಿ 138/88. ಸೊಂಟ 94 ಸೆಂ.ಮೀ. ವೈದ್ಯರು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಯೋಚಿಸೋಣ ಅಂದರು. ಹೃದಯ ಚೆನ್ನಾಗಿದೆ ಅಂದಮೇಲೆ ಮಾತ್ರೆ ಯಾಕೆ? ಒಮ್ಮೆ ಶುರು ಮಾಡಿದರೆ ಬಿಡುವ ಹಾಗಿಲ್ಲ, ಸ್ನಾಯು ಹಾಳಾಗುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ ಎಂದೆಲ್ಲ ಸ್ನೇಹಿತರು ಹೇಳುತ್ತಾರೆ. ಅದರ ಬದಲು ದಿನಕ್ಕೊಂದು ಆಸ್ಪಿರಿನ್ ತೆಗೆದುಕೊಂಡರೆ ಸಾಲದೇ? ಸಿಟಿ ಆಂಜಿಯೋಗ್ರಾಂ ಮಾಡಿಸಿ ಒಂದೇ ಸಲ ಅನುಮಾನ ತೀರಿಸಿಕೊಳ್ಳಲೇ? 36ರ ತಮ್ಮನಿಗೂ ಪರೀಕ್ಷೆ ಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ. ಇವತ್ತು ಹೃದಯ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂಬುದು ಒಂದು. ಇನ್ನು ಇಪ್ಪತ್ತು, ಮೂವತ್ತು ವರ್ಷದಲ್ಲಿ ಏನಾಗಬಹುದು ಎಂಬುದು ಇನ್ನೊಂದು. ನೀವು ಮಾಡಿಸಿದ ಮೂರು ಪರೀಕ್ಷೆಗಳು ಮೊದಲನೆಯದಕ್ಕೆ ಉತ್ತರ ಕೊಟ್ಟಿವೆ. ವೈದ್ಯರು ಮಾತ್ರೆಯ ಮಾತೆತ್ತಿದ್ದು ಎರಡನೆಯದಕ್ಕಾಗಿ. ವರದಿಗೂ ವೈದ್ಯರ ಮಾತಿಗೂ ತಾಳೆಯಿಲ್ಲ ಅನ್ನಿಸಿದ್ದು ಸಹಜ, ಆದರೆ ಎರಡೂ ಸರಿಯಾಗಿಯೇ ಇವೆ.

ಇಸಿಜಿ ನೋಡುವುದು ಹೃದಯದ ವಿದ್ಯುತ್ ಸಂಚಾರವನ್ನು, ಅದೂ ಮಲಗಿದ್ದ ಆ ಹತ್ತು ಸೆಕೆಂಡಿನದ್ದು. ಎಕೋ ಹೃದಯದ ಸ್ನಾಯು ಮತ್ತು ಕವಾಟಗಳನ್ನು ನೋಡುತ್ತದೆ. ಟ್ರೆಡ್‌ಮಿಲ್ ಪರೀಕ್ಷೆ ಓಡುವಾಗ ಸ್ನಾಯುವಿಗೆ ರಕ್ತ ಸಾಲುತ್ತದೆಯೇ ಎಂದು ನೋಡುತ್ತದೆ, ಮತ್ತು ಸಾಮಾನ್ಯವಾಗಿ ರಕ್ತನಾಳ ಶೇ. 70ರಷ್ಟು ಕಟ್ಟಿಕೊಂಡ ಮೇಲೆಯೇ ಅದರಲ್ಲಿ ವ್ಯತ್ಯಾಸ ಕಾಣುವುದು. ಹೃದಯಾಘಾತ ಮಾತ್ರ ಶೇ. 70ರವರೆಗೆ ಕಾಯಬೇಕೆಂದೇನೂ ಇಲ್ಲ. ಟ್ರೆಡ್‌ಮಿಲ್ ಪಾಸಾದ ತಿಂಗಳಲ್ಲೇ ಹೃದಯಾಘಾತವಾದವರ ಬಗ್ಗೆ ಕೇಳಿ ಜನ ಪರೀಕ್ಷೆಯನ್ನೇ ಬೈಯುತ್ತಾರೆ. ಅದಕ್ಕೆ ಕಾರಣ ತಿಳಿಯಬೇಕಾದರೆ ರಕ್ತನಾಳದ ಗೋಡೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಹೃದಯಕ್ಕೆ ರಕ್ತ ಕೊಡುವ ನಾಳಗಳು ಮೂರರಿಂದ ನಾಲ್ಕು ಮಿಲಿಮೀಟರ್ ಅಗಲದವು. ಒಳಗೋಡೆಗೆ ಒಂದೇ ಒಂದು ಪದರ ಜೀವಕೋಶಗಳ ಹೊದಿಕೆ. ಎಲ್‌ಡಿಎಲ್ ಕಣಗಳು ಈ ಹೊದಿಕೆ ದಾಟಿ ಗೋಡೆಯೊಳಗೆ ಹೋಗಿ ಸಿಕ್ಕಿಕೊಳ್ಳುತ್ತವೆ. ರಕ್ತದಲ್ಲಿ ಕಣಗಳು ಹೆಚ್ಚಿದ್ದಷ್ಟೂ ಒಳಸೇರುವುದು ಹೆಚ್ಚು. ಹೊದಿಕೆಗೆ ಬಿಪಿ, ಹೊಗೆ, ಸಕ್ಕರೆಯಿಂದ ಪೆಟ್ಟಾಗಿದ್ದರೆ ಇನ್ನೂ ಸುಲಭ. ಸಿಕ್ಕಿಕೊಂಡ ಕೊಬ್ಬನ್ನು ತೆಗೆಯಲು ಬಂದ ಬಿಳಿ ರಕ್ತಕಣಗಳು ಅದನ್ನು ನುಂಗಿ, ಉಬ್ಬಿ, ಅಲ್ಲೇ ಸಾಯುತ್ತವೆ. ಹೀಗೆ ಕೊಬ್ಬು, ಸತ್ತ ಕೋಶ, ಉರಿಯೂತ ಸೇರಿದ ಮೆತ್ತನೆಯ ಗಡ್ಡೆಯ ಮೇಲೆ ದೇಹ ನಾರಿನ ಒಂದು ಮುಚ್ಚಳ ಕಟ್ಟುತ್ತದೆ. ಇದಕ್ಕೆ ಪ್ಲಾಕ್ ಎನ್ನುತ್ತಾರೆ. ಮೊದಮೊದಲು ಇದು ಗೋಡೆಯ ಹೊರಮುಖಕ್ಕೆ ಬೆಳೆಯುವುದರಿಂದ ರಕ್ತದ ದಾರಿಗೆ ಅಡ್ಡಿಯಾಗುವುದಿಲ್ಲ, ಯಾವ ನೋವೂ ಕಾಣಿಸುವುದಿಲ್ಲ. ಒಂದು ದಿನ ತೆಳುವಾದ ಮುಚ್ಚಳ ಹರಿಯಿತೆನ್ನಿ, ಒಳಗಿನ ಕೊಬ್ಬು ರಕ್ತಕ್ಕೆ ತಾಗಿದ ಕೂಡಲೇ ಅಲ್ಲಿ ರಕ್ತ ಹೆಪ್ಪುಗಟ್ಟಿ, ನಿಮಿಷಗಳಲ್ಲಿ ನಾಳ ಮುಚ್ಚಿಹೋಗುತ್ತದೆ. ನಿನ್ನೆಯವರೆಗೆ ಶೇ. 40 ಇದ್ದ ತಡೆ ಇವತ್ತು ಶೇ. 100.

ಇದು ಶುರುವಾಗುವುದು ಎಷ್ಟು ಬೇಗ ಎಂಬುದು ಹಲವರಿಗೆ ಗೊತ್ತಿಲ್ಲ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವರದಿ 1953ರಲ್ಲಿ ಬಂತು. ಅವರ ಸರಾಸರಿ ವಯಸ್ಸು 22. ನಾಲ್ವರಲ್ಲಿ ಮೂವರ ನಾಳಗಳಲ್ಲಿ ಕಾಯಿಲೆಯ ಗುರುತು ಆಗಲೇ ಇತ್ತು. 51ಕ್ಕೆ ಆದ ಹೃದಯಾಘಾತದ ತಯಾರಿ ಇಪ್ಪತ್ತು, ಮೂವತ್ತರಲ್ಲಿಯೇ ನಡೆದಿರುತ್ತದೆ ಎಂದರ್ಥ. ನಿಮಗೆ ಇದು ಒಳ್ಳೆಯ ಸುದ್ದಿಯೂ ಹೌದು: ಇಷ್ಟು ನಿಧಾನವಾಗಿ ಬೆಳೆಯುವುದನ್ನು ನಡುವೆ ತಡೆಯಲು ಸಮಯ ಸಿಗುತ್ತದೆ.

ಈಗ 'ಅಪಾಯಕಾರಿ ಅಂಶ' ಅಥವಾ ರಿಸ್ಕ್ ಫ್ಯಾಕ್ಟರ್ ಎಂಬ ಮಾತು. ಅಮೆರಿಕದ ಫ್ರೇಮಿಂಗ್‌ಹ್ಯಾಂ ಊರಿನ 5,209 ಜನರನ್ನು 1948ರಿಂದ ವರ್ಷಗಟ್ಟಲೆ ಹಿಂಬಾಲಿಸಿ, ಯಾರಿಗೆ ಹೃದಯರೋಗ ಬಂತು, ಬಂದವರಲ್ಲಿ ಮೊದಲೇ ಏನಿತ್ತು ಎಂದು ನೋಡಿದ ಅಧ್ಯಯನದಿಂದ ಈ ಮಾತು ಬಳಕೆಗೆ ಬಂತು. ಆಮೇಲೆ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮೊದಲ ಹೃದಯಾಘಾತದ ಅಪಾಯದಲ್ಲಿ ಶೇ. 90ರಷ್ಟನ್ನು ಒಂಬತ್ತೇ ಅಂಶಗಳು ವಿವರಿಸುತ್ತವೆ ಎಂದು ಅದು ತೋರಿಸಿತು. ಕೊಬ್ಬಿನ ಕಣಗಳ ಏರುಪೇರು, ಧೂಮಪಾನ, ಬಿಪಿ, ಮಧುಮೇಹ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು ತರಕಾರಿ ಕಡಿಮೆ ತಿನ್ನುವುದು, ವ್ಯಾಯಾಮವಿಲ್ಲದಿರುವುದು ಮತ್ತು ಮದ್ಯ ಸೇವನೆಯ ರೀತಿ. ಎಲ್ಲ ದೇಶ, ಎಲ್ಲ ಜನಾಂಗದಲ್ಲೂ ಇವೇ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು, ಯಾಕೆಂದರೆ ನಿಮ್ಮ ವರದಿಯ ಸಾರವೇ ಅದು. ಈ ಅಂಶಗಳು ಒಂದಕ್ಕೊಂದು ಕೂಡುವುದಕ್ಕಿಂತ ಹೆಚ್ಚಾಗಿ ಗುಣಿಸುತ್ತವೆ. ಒಂದು ಅಪಾಯವನ್ನು ಒಂದೂವರೆ ಪಟ್ಟು, ಇನ್ನೊಂದು ಒಂದೂವರೆ ಪಟ್ಟು, ಮತ್ತೊಂದು ಎರಡು ಪಟ್ಟು ಮಾಡಿದರೆ ಒಟ್ಟು ನಾಲ್ಕೂವರೆ ಪಟ್ಟಾಗುತ್ತದೆ. ನಿಮ್ಮ ಒಂದೊಂದೇ ಸಂಖ್ಯೆ ನೋಡಿದರೆ ಗಾಬರಿಯಾಗುವಂಥದ್ದು ಯಾವುದೂ ಇಲ್ಲ. ಎಲ್ಲವೂ ಗೆರೆಯ ಆಚೆ ಸ್ವಲ್ಪ ಸ್ವಲ್ಪ. 'ಬಾರ್ಡರ್‌ಲೈನ್, ಪರವಾಗಿಲ್ಲ' ಎಂದು ಐದು ಸಲ ಅನ್ನಿಸಿಕೊಂಡ ವರದಿ ಒಟ್ಟಾರೆ ಬಾರ್ಡರ್‌ಲೈನ್ ಆಗಿರುವುದಿಲ್ಲ. ಒಂದೇ ಒಂದು ಸಂಖ್ಯೆ ತುಂಬಾ ಏರಿದವರು ಬೇಗ ಎಚ್ಚೆತ್ತುಕೊಳ್ಳುತ್ತಾರೆ. ನಿಮ್ಮಂಥವರೇ ವೈದ್ಯರ ಕಣ್ಣಿಂದಲೂ ತಪ್ಪಿಸಿಕೊಳ್ಳುವುದು. ನಿಮ್ಮ ವೈದ್ಯರು ಗಮನಿಸಿದ್ದಾರೆ ಎಂಬುದು ನನಗೆ ಸಮಾಧಾನದ ಸಂಗತಿ.

ನಿಮ್ಮ ಸಂಖ್ಯೆಗಳನ್ನೇ ನೋಡೋಣ. ಒಟ್ಟು ಕೊಲೆಸ್ಟ್ರಾಲ್ 208ರಲ್ಲಿ ಎಚ್‌ಡಿಎಲ್ 38 ಕಳೆಯಿರಿ, 170 ಉಳಿಯುತ್ತದೆ. ಇದು ನಾನ್-ಎಚ್‌ಡಿಎಲ್, ಅಂದರೆ ನಾಳಕ್ಕೆ ನುಗ್ಗಬಲ್ಲ ಎಲ್ಲ ಬಗೆಯ ಕಣಗಳ ಕೊಲೆಸ್ಟ್ರಾಲ್. ಟ್ರೈಗ್ಲಿಸರೈಡ್ ಏರಿದ್ದು ಎಚ್‌ಡಿಎಲ್ ಇಳಿದವರಲ್ಲಿ ಎಲ್‌ಡಿಎಲ್‌ಗಿಂತ ಇದನ್ನು ನಾನು ಹೆಚ್ಚು ನಂಬುತ್ತೇನೆ. ಯಾಕೆಂದರೆ ಬಹಳಷ್ಟು ಲ್ಯಾಬ್‌ಗಳಲ್ಲಿ ಎಲ್‌ಡಿಎಲ್ ಅಳೆದ ಸಂಖ್ಯೆಯಲ್ಲ, ಲೆಕ್ಕ ಹಾಕಿದ್ದು. ನಾನ್-ಎಚ್‌ಡಿಎಲ್‌ನಿಂದ ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗ ಕಳೆದರೆ ಅದೇ ಎಲ್‌ಡಿಎಲ್. ನಿಮ್ಮದು 170ರಿಂದ 32 ಕಳೆದು 138, ವರದಿಯಲ್ಲಿರುವುದೂ ಅದೇ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ಕೆಟ್ಟುಹೋಗುತ್ತದೆ. ನಾನ್-ಎಚ್‌ಡಿಎಲ್‌ನ ಗುರಿ ಎಲ್‌ಡಿಎಲ್ ಗುರಿಗಿಂತ 30 ಹೆಚ್ಚು ಎಂದು ನೆನಪಿಟ್ಟುಕೊಂಡರೆ ಸಾಕು.

ಎಚ್‌ಡಿಎಲ್ 38 ಎಂದರೆ ಕಡಿಮೆ, ಗಂಡಸರಲ್ಲಿ 40ರ ಮೇಲಿರಬೇಕು. 'ಒಳ್ಳೆಯ ಕೊಲೆಸ್ಟ್ರಾಲ್ ಏರಿಸಿದರೆ ಸಾಕು' ಎಂಬ ನಂಬಿಕೆಯಿಂದ ಹಣ ಕಳೆದುಕೊಳ್ಳುವವರು ಬಹಳ. ಎಚ್‌ಡಿಎಲ್ ಏರಿಸುವ ಔಷಧಗಳನ್ನು ದೊಡ್ಡ ಪ್ರಯೋಗಗಳಲ್ಲಿ ಪರೀಕ್ಷಿಸಿದಾಗ, ಸಂಖ್ಯೆ ಏರಿತೇ ಹೊರತು ಅದರಿಂದ ಹೃದಯಾಘಾತ ತಪ್ಪಲಿಲ್ಲ. ಕಡಿಮೆ ಎಚ್‌ಡಿಎಲ್ ಒಂದು ಗುರುತು. ಅದರ ಹಿಂದಿರುವುದು ನಿಮ್ಮ ಹೊಟ್ಟೆಯ ಕೊಬ್ಬು ಮತ್ತು ಇನ್ಸುಲಿನ್ ಪ್ರತಿರೋಧ, ಅಂದರೆ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದು. ಸೊಂಟ 94, ಟ್ರೈಗ್ಲಿಸರೈಡ್ 160, ಖಾಲಿ ಹೊಟ್ಟೆ ಸಕ್ಕರೆ 108, ಎಚ್‌ಬಿಎ1ಸಿ 5.9, ಏರುತ್ತಿರುವ ಬಿಪಿ, ಇವೆಲ್ಲ ಒಂದೇ ಬೇರಿನ ಕವಲುಗಳು. ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು, 6.5 ಆದರೆ ಮಧುಮೇಹ.

'ನಾನು ತೆಳ್ಳಗಿದ್ದೇನೆ' ಎಂದು ನೀವು ನೇರವಾಗಿ ಬರೆದಿಲ್ಲ, ಆದರೆ ತೂಕ ಬರೆದ ರೀತಿ ನೋಡಿದರೆ ಹಾಗೆ ಅಂದುಕೊಂಡಿದ್ದೀರಿ. ನಿಮ್ಮ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 24. ತೂಕದ ಕಾಂಟಾ ಕೊಬ್ಬು ಎಲ್ಲಿದೆ ಎಂದು ಹೇಳುವುದಿಲ್ಲ, ಟೇಪು ಹೇಳುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪು ಹಿಡಿದು, ಸಹಜವಾಗಿ ಉಸಿರು ಬಿಟ್ಟಾಗ ಅಳೆಯಬೇಕು. ಪ್ಯಾಂಟಿನ ಅಳತೆ ಲೆಕ್ಕಕ್ಕಿಲ್ಲ. ಏಷ್ಯಾ ಮೂಲದವರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮೇಲಿದ್ದರೆ ಹೆಚ್ಚು ಎಂದು ಪರಿಗಣಿಸುತ್ತಾರೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದಿರುವವರಲ್ಲಿ ಕೊಬ್ಬು ಯಕೃತ್ತು ಮತ್ತು ಕರುಳಿನ ಸುತ್ತ ಕೂತಿರುತ್ತದೆ, ಸಕ್ಕರೆ ಮತ್ತು ಟ್ರೈಗ್ಲಿಸರೈಡ್ ಕೆಡಿಸುವುದು ಅದೇ.

ಬಿಪಿ 138/88 ಬಗ್ಗೆ ನನಗೆ ಇನ್ನೂ ಅನುಮಾನವಿದೆ. ಅದು ನಿಮ್ಮ ನಿಜವಾದ ಬಿಪಿ ಆಗಿರಬಹುದು, ಆಸ್ಪತ್ರೆಯ ಆತಂಕವೂ ಆಗಿರಬಹುದು, ತಪ್ಪು ಅಳತೆಯೂ ಇರಬಹುದು. ತೋಳು ಹೃದಯದ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗೆ ಜೋತುಬಿದ್ದಿದ್ದರೆ ಸಾಕು, ಬಿಪಿ 7ರಿಂದ 8 ಅಂಕ ಹೆಚ್ಚು ತೋರಿಸುತ್ತದೆ. ದಪ್ಪ ತೋಳಿಗೆ ಸಣ್ಣ ಪಟ್ಟಿ, ಅಳೆಯುವಾಗ ಮಾತು, ಕಾಲ ಮೇಲೆ ಕಾಲು, ತುಂಬಿದ ಮೂತ್ರಕೋಶ, ಇವೆಲ್ಲ ಬಿಪಿ ಏರಿಸುತ್ತವೆ. ಮನೆಯಲ್ಲಿ ತೋಳಿಗೆ ಕಟ್ಟುವ ಯಂತ್ರದಿಂದ ನೀವೇ ಅಳೆಯಿರಿ, ಮಣಿಕಟ್ಟಿನದು ಬೇಡ. ಅದಕ್ಕೆ ಅರ್ಧ ಗಂಟೆ ಮೊದಲಿಂದ ಕಾಫಿ, ವ್ಯಾಯಾಮ ಇರಬಾರದು. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಮೇಜಿನ ಮೇಲೆ ಎದೆಯ ಮಟ್ಟದಲ್ಲಿ, ಪಟ್ಟಿ ಬರಿಯ ಚರ್ಮದ ಮೇಲೆ. ಐದು ನಿಮಿಷ ಸುಮ್ಮನೆ ಕುಳಿತು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ. ಬೆಳಿಗ್ಗೆ, ಸಂಜೆ, ಏಳು ದಿನ. ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. 135/85 ಅಥವಾ ಅದಕ್ಕಿಂತ ಮೇಲೆ ಬಂದರೆ ಅದು ಅಧಿಕ ರಕ್ತದೊತ್ತಡವೇ. ಈ ವಾರದ ಹಾಳೆಯನ್ನು ವೈದ್ಯರಿಗೆ ತೋರಿಸಿದರೆ ಅವರ ಅರ್ಧ ಅನುಮಾನ ಬಗೆಹರಿಯುತ್ತದೆ. ಬಿಪಿಯನ್ನು ಹಗುರವಾಗಿ ಕಾಣಬಾರದು ಅನ್ನುವುದಕ್ಕೆ ಕಾರಣವಿದೆ. 40ರಿಂದ 69 ವಯಸ್ಸಿನವರಲ್ಲಿ, 115/75ರಿಂದ ಶುರುವಾಗಿ, ಮೇಲಿನ ಅಂಕ ಪ್ರತಿ 20 ಅಥವಾ ಕೆಳಗಿನದು ಪ್ರತಿ 10 ಏರಿದಾಗ ಹೃದ್ರೋಗ ಮತ್ತು ಪಾರ್ಶ್ವವಾಯುವಿನಿಂದ ಸಾಯುವ ಸಾಧ್ಯತೆ ಸುಮಾರು ಇಮ್ಮಡಿಯಾಗುತ್ತದೆ.

ತಂದೆಯ ವಿಷಯ. ತಂದೆ ಅಥವಾ ಅಣ್ಣತಮ್ಮಂದಿರಿಗೆ 55ಕ್ಕಿಂತ ಮೊದಲು, ತಾಯಿ ಅಥವಾ ಅಕ್ಕತಂಗಿಯರಿಗೆ 65ಕ್ಕಿಂತ ಮೊದಲು ಹೃದ್ರೋಗ ಬಂದಿದ್ದರೆ ಮಾತ್ರ 'ಕುಟುಂಬದಲ್ಲಿ ಬೇಗ ಬಂದದ್ದು' ಎಂದು ಗಣಿಸುತ್ತಾರೆ. 80ರಲ್ಲಿ ತೀರಿಕೊಂಡ ಅಜ್ಜನ ಹೃದಯಾಘಾತ ಈ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ತಂದೆಯದು ಬರುತ್ತದೆ. ಆದರೆ ಅವರು ಸಿಗರೇಟು ಸೇದುತ್ತಿದ್ದರೇ, ಮಧುಮೇಹವಿತ್ತೇ ಎಂದು ಕೇಳಿ ತಿಳಿಯಿರಿ. ಸೇದುತ್ತಿದ್ದರೆ ಅವರ ಅಪಾಯದ ಒಂದಷ್ಟು ಪಾಲು ಆ ಅಭ್ಯಾಸದ್ದು, ನಿಮಗೆ ಬಂದಿರಲಿಕ್ಕಿಲ್ಲ. ಏನೂ ಇಲ್ಲದೆ ಬಂದಿದ್ದರೆ ವಂಶವಾಹಿಯ ಮೇಲೆ ಅನುಮಾನ ಹೆಚ್ಚುತ್ತದೆ. ಅದಕ್ಕಾಗಿಯೇ ಒಂದು ರಕ್ತಪರೀಕ್ಷೆ ಸೇರಿಸಬೇಕು: ಲಿಪೊಪ್ರೋಟೀನ್(ಎ). ಇದು ಎಲ್‌ಡಿಎಲ್‌ನದೇ ಒಂದು ಅಂಟುಜಾತಿಯ ಕಣ, ಹೆಚ್ಚುಕಡಿಮೆ ಪೂರ್ತಿ ಹುಟ್ಟಿನಿಂದಲೇ ನಿರ್ಧಾರವಾಗುತ್ತದೆ, ಮಾಮೂಲು ಲಿಪಿಡ್ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. 50 ಮಿ.ಗ್ರಾಂ ಅಥವಾ 125 ನ್ಯಾನೊಮೋಲ್ ದಾಟಿದ್ದರೆ ಉಳಿದ ಅಂಶಗಳನ್ನು ಇನ್ನೂ ಬಿಗಿಯಾಗಿ ಹಿಡಿಯಬೇಕು. ಜೊತೆಗೆ ಟಿಎಸ್‌ಎಚ್ ನೋಡಿಸಿ, ಥೈರಾಯ್ಡ್ ಕುಂದಿದರೂ ಎಲ್‌ಡಿಎಲ್ ಏರುತ್ತದೆ. ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಕೂಡ, ಕಿಡ್ನಿ ಸೋರಿದರೆ ಹೃದಯದ ಅಪಾಯವೂ ಏರುತ್ತದೆ.

ಸಿಟಿ ಆಂಜಿಯೋಗ್ರಾಂ ನಿಮಗೆ ಈಗ ಬೇಡ. ಎದೆನೋವಿಲ್ಲದವರಲ್ಲಿ ಅದು ವಿಕಿರಣ, ಕಾಂಟ್ರಾಸ್ಟ್ ದ್ರಾವಣ, ಮತ್ತು ಅರ್ಧಂಬರ್ಧ ತಡೆ ಕಂಡು ಬೇಡದ ಸ್ಟೆಂಟ್‌ನ ದಾರಿ ಹಿಡಿಸುವ ಅಪಾಯ ತರುತ್ತದೆ. ಮಾತ್ರೆ ಬೇಕೇ ಬೇಡವೇ ಎಂದು ನೀವೂ ವೈದ್ಯರೂ ಇನ್ನೂ ತೂಗುತ್ತಿದ್ದರೆ, ನಾಳದ ಗೋಡೆಯಲ್ಲಿ ಸೇರಿದ ಸುಣ್ಣವನ್ನು ಅಳೆಯುವ ಕ್ಯಾಲ್ಸಿಯಂ ಸ್ಕೋರ್ ಎಂಬ ಸರಳ ಸಿಟಿ ಸಾಕು. ಅದಕ್ಕೆ ಚುಚ್ಚುಮದ್ದಿಲ್ಲ, ವಿಕಿರಣ ಕಡಿಮೆ. 42ರಲ್ಲಿ ಸ್ಕೋರ್ ಸೊನ್ನೆಗಿಂತ ಮೇಲೆ ಏನೇ ಬಂದರೂ ಅದು ವಯಸ್ಸಿಗೆ ಮೊದಲೇ ಬಂದ ಪ್ಲಾಕ್, ಮಾತ್ರೆಯ ಪರವಾದ ಬಲವಾದ ಕಾರಣ. ಆದರೆ ಸೊನ್ನೆ ಬಂದರೆ ಪೂರ್ತಿ ನಿಶ್ಚಿಂತೆ ಅನ್ನಬೇಡಿ. ಮೆತ್ತನೆಯ ಹೊಸ ಪ್ಲಾಕ್‌ನಲ್ಲಿ ಇನ್ನೂ ಸುಣ್ಣ ಸೇರಿರುವುದಿಲ್ಲ, ಈ ವಯಸ್ಸಿನಲ್ಲಿ ಸೊನ್ನೆ ಬರುವುದೇ ಸಾಮಾನ್ಯ.

ಆಸ್ಪಿರಿನ್ ಬಗ್ಗೆ ನನ್ನ ಮಾತು ಸ್ಪಷ್ಟ: ನೀವಾಗಿಯೇ ಶುರು ಮಾಡಬೇಡಿ. ಹೃದಯಾಘಾತ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಅದು ಜೀವರಕ್ಷಕ. ಏನೂ ಆಗದವರಲ್ಲಿ ಅದು ತಪ್ಪಿಸುವ ಹೃದಯಾಘಾತಗಳಿಗೆ ಸರಿಸಮನಾಗಿ ಹೊಟ್ಟೆ, ಕರುಳು, ಕೆಲವೊಮ್ಮೆ ಮೆದುಳಿನಲ್ಲಿ ರಕ್ತಸ್ರಾವ ಮಾಡುತ್ತದೆ. ಆಸ್ಪಿರಿನ್ ಪ್ಲಾಕ್ ಬೆಳೆಯುವುದನ್ನೂ ತಡೆಯುವುದಿಲ್ಲ, ಹಾಗಾಗಿ ಸ್ಟ್ಯಾಟಿನ್‌ಗೆ ಬದಲಿಯಾಗಲಾರದು.

ಇನ್ನು ಸ್ಟ್ಯಾಟಿನ್. ಲಾಭವನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳುತ್ತೇನೆ. ಎಲ್‌ಡಿಎಲ್ ಸುಮಾರು 39 ಅಂಕ ಇಳಿದರೆ ಹೃದಯಾಘಾತ, ಪಾರ್ಶ್ವವಾಯುಗಳಂಥ ಘಟನೆಗಳು ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಕಡಿಮೆಯಾಗುತ್ತವೆ. ಮಧ್ಯಮ ಪ್ರಮಾಣದ ಮಾತ್ರೆ ನಿಮ್ಮ 138ನ್ನು 90ರ ಆಸುಪಾಸಿಗೆ ತರಬಹುದು, ಆಗ ಇಳಿಕೆ ನಾಲ್ಕನೇ ಒಂದರ ಹತ್ತಿರ. ಉದಾಹರಣೆಗೆ, ಹತ್ತು ವರ್ಷದ ಅಪಾಯ ಶೇ. 6 ಇರುವ 200 ಜನರನ್ನು ತೆಗೆದುಕೊಳ್ಳಿ. ಮಾತ್ರೆಯಿಲ್ಲದೆ 12 ಜನರಿಗೆ ಆಗುತ್ತದೆ, ಮಾತ್ರೆ ತೆಗೆದುಕೊಂಡರೆ 9. ಮೂವರು ಪಾರಾದರು, ಒಂಬತ್ತು ಜನರಿಗೆ ಆದರೂ ಆಯಿತು, 188 ಜನರಿಗೆ ಹೇಗಿದ್ದರೂ ಆಗುತ್ತಿರಲಿಲ್ಲ. ಇಷ್ಟೇನಾ ಎಂದು ನಿಮಗೆ ಅನ್ನಿಸಬಹುದು. ಆದರೆ ನಿಮ್ಮ ಪ್ರಶ್ನೆ ಹತ್ತು ವರ್ಷಕ್ಕೆ ನಿಲ್ಲುವುದಿಲ್ಲ. 42ರವರಲ್ಲಿ ಹತ್ತು ವರ್ಷದ ಅಪಾಯ ಯಾವಾಗಲೂ ಚಿಕ್ಕದಾಗಿಯೇ ಕಾಣುತ್ತದೆ, ಮೂವತ್ತು ವರ್ಷದ್ದು ದೊಡ್ಡದು. ಎಲ್‌ಡಿಎಲ್ ಎಷ್ಟಿತ್ತು ಎಂಬುದರಷ್ಟೇ, ಎಷ್ಟು ವರ್ಷ ಹಾಗಿತ್ತು ಎಂಬುದೂ ಮುಖ್ಯ.

ಭಯಗಳ ವಿಷಯಕ್ಕೆ ಬಂದರೆ, 'ಒಮ್ಮೆ ಶುರು ಮಾಡಿದರೆ ಬಿಡುವ ಹಾಗಿಲ್ಲ' ಎಂಬುದು ಸುಳ್ಳು. ಬಿಟ್ಟರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಿಂದಿನ ಮಟ್ಟಕ್ಕೆ ಮರಳುತ್ತದೆ, ಅಷ್ಟೇ. ಚಟವಿಲ್ಲ. ಬಿಟ್ಟರೆ ಲಾಭವೂ ನಿಲ್ಲುವುದರಿಂದ ಮುಂದುವರಿಸಲು ಹೇಳುತ್ತೇವೆ. ಸ್ನಾಯುನೋವು ನಿಜ, ಆದರೆ ಜನ ತಿಳಿದುಕೊಂಡಷ್ಟಿಲ್ಲ. ಯಾವುದು ಮಾತ್ರೆ, ಯಾವುದು ಸಪ್ಪೆ ಗುಳಿಗೆ ಎಂದು ಯಾರಿಗೂ ತಿಳಿಸದೆ ಮಾಡಿದ ಪ್ರಯೋಗಗಳಲ್ಲಿ, ವರದಿಯಾದ ಸ್ನಾಯುನೋವುಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಸ್ಟ್ಯಾಟಿನ್‌ನಿಂದ ಬಂದವಾಗಿರಲಿಲ್ಲ. ನೋವು ಬಂದರೆ ಸಹಿಸಿಕೊಂಡು ಕೂರಬೇಕಿಲ್ಲ. ಪ್ರಮಾಣ ಇಳಿಸಬಹುದು, ಬೇರೆ ಸ್ಟ್ಯಾಟಿನ್‌ಗೆ ಬದಲಿಸಬಹುದು. ಎರಡೂ ತೊಡೆ, ಭುಜಗಳಲ್ಲಿ ತೀವ್ರ ನೋವು, ನಿಶ್ಶಕ್ತಿ, ಕಪ್ಪು ಬಣ್ಣದ ಮೂತ್ರ ಕಂಡರೆ ಮಾತ್ರ ಮಾತ್ರೆ ನಿಲ್ಲಿಸಿ ಅದೇ ದಿನ ವೈದ್ಯರನ್ನು ಕಾಣಬೇಕು. ಇದು ಬಹಳ ಅಪರೂಪ. ಕ್ಲಾರಿಥ್ರೊಮೈಸಿನ್‌ನಂಥ ಕೆಲವು ಆಂಟಿಬಯೋಟಿಕ್‌ಗಳು ಕೆಲವು ಸ್ಟ್ಯಾಟಿನ್‌ಗಳ ಮಟ್ಟ ಏರಿಸುತ್ತವೆ, ಹಾಗಾಗಿ ಬೇರೆ ವೈದ್ಯರ ಬಳಿ ಹೋದಾಗ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿರುವುದನ್ನು ತಪ್ಪದೆ ಹೇಳಿ. ಸಕ್ಕರೆ ಕಾಯಿಲೆಯ ಮಾತಿನಲ್ಲಿ ಸತ್ಯವಿದೆ. ಹೊಸ್ತಿಲಲ್ಲಿ ನಿಂತವರು ಸ್ಟ್ಯಾಟಿನ್‌ನಿಂದ ಸ್ವಲ್ಪ ಮೊದಲೇ ಗೆರೆ ದಾಟಬಹುದು, ನೀವು ಹೊಸ್ತಿಲಲ್ಲೇ ಇದ್ದೀರಿ. ಆದರೂ ಹೃದಯಕ್ಕೆ ಸಿಗುವ ರಕ್ಷಣೆ ಆ ತುಸು ಏರಿಕೆಯ ನಷ್ಟಕ್ಕಿಂತ ಹೆಚ್ಚು.

ಹಾಗಾದರೆ ಈಗ ಏನು? ನಿಮ್ಮ ಮುಂದೆ ಎರಡು ದಾರಿಗಳಿವೆ. ಈಗಲೇ ಮಾತ್ರೆ ಶುರು ಮಾಡುವುದು ತಪ್ಪಲ್ಲ. ಆದರೆ ಮನಸ್ಸು ಒಪ್ಪದೆ ಶುರು ಮಾಡಿದವರು ಎರಡು ತಿಂಗಳಲ್ಲಿ ಬಿಟ್ಟುಬಿಡುತ್ತಾರೆ. ನಿಮ್ಮ ಎಲ್‌ಡಿಎಲ್ 190ರ ಮೇಲಿದ್ದಿದ್ದರೆ ಕಾಯಬೇಡಿ ಎನ್ನುತ್ತಿದ್ದೆ, ಅದು ವಂಶಪಾರಂಪರ್ಯ ಕಾಯಿಲೆಯ ಮಟ್ಟ. ನಿಮ್ಮ ಸ್ಥಿತಿಯಲ್ಲಿ ಮೂರು ತಿಂಗಳು ಗಡುವು ಹಾಕಿಕೊಂಡು ಆಹಾರ, ವ್ಯಾಯಾಮದಿಂದ ಪ್ರಯತ್ನಿಸಿ ಮತ್ತೆ ಪರೀಕ್ಷಿಸುವುದು ನ್ಯಾಯವಾದ ಎರಡನೇ ದಾರಿ. ಇದರ ಅಪಾಯ ಒಂದೇ: ಮೂರು ತಿಂಗಳು ಮೂರು ವರ್ಷವಾಗುವುದು. ಮರುಪರೀಕ್ಷೆಯ ದಿನಾಂಕವನ್ನು ಇವತ್ತೇ ಬರೆದಿಡಿ.

ಆ ಮೂರು ತಿಂಗಳಲ್ಲಿ ಹೆಚ್ಚು ಫಲ ಕೊಡುವುದು ಸೊಂಟ. ಮಧುಮೇಹದ ಹೊಸ್ತಿಲಿನವರು ತೂಕ ಶೇ. 7ರಷ್ಟು ಇಳಿಸುವ ಮತ್ತು ವಾರಕ್ಕೆ 150 ನಿಮಿಷ ವ್ಯಾಯಾಮ ಮಾಡುವ ಗುರಿ ಇಟ್ಟುಕೊಂಡ ಅಮೆರಿಕದ ದೊಡ್ಡ ಪ್ರಯೋಗದಲ್ಲಿ, ಸುಮಾರು ಮೂರು ವರ್ಷದಲ್ಲಿ ಮಧುಮೇಹ ಶೇ. 58ರಷ್ಟು ಕಡಿಮೆಯಾಯಿತು. ನಿಮಗೆ ನಾಲ್ಕೂವರೆಯಿಂದ ಐದು ಕೆ.ಜಿ. ಸಾಕು. ನಡಿಗೆ ನಡೆದಿದೆ ಅಂದಿರಿ, ಆದರೆ ವೇಗ ಬೇಕು: ಮಾತಾಡಲು ಆಗಬೇಕು, ಹಾಡಲು ಆಗಬಾರದು. ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ ಸೇರಿಸಿ, ಸಕ್ಕರೆಯನ್ನು ಹೀರಿಕೊಳ್ಳುವುದು ಸ್ನಾಯು. ಸಿಹಿ ಪಾನೀಯ, ಸಕ್ಕರೆ, ನುಣುಪು ಹಿಟ್ಟಿನ ಪದಾರ್ಥ ಇಳಿಸಿದರೆ ಟ್ರೈಗ್ಲಿಸರೈಡ್ ವಾರಗಳಲ್ಲೇ ಇಳಿಯುತ್ತದೆ. ಬೆಣ್ಣೆ, ಕೆನೆ, ಕೊಬ್ಬಿನ ಮಾಂಸದಂಥ ಗಟ್ಟಿ ಕೊಬ್ಬಿನ ಜಾಗಕ್ಕೆ ಬೀಜದ ಎಣ್ಣೆ, ಒಣಬೀಜಗಳು ಬಂದು, ಓಟ್ಸ್, ಕಾಳುಗಳ ನಾರು ಸೇರಿದರೆ ಎಲ್‌ಡಿಎಲ್ ಶೇ. 10ರಿಂದ 15ರಷ್ಟು ಇಳಿಯಬಹುದು. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಮಟ್ಟ ಮಾಡಿದ ಒಂದು ಟೀ ಚಮಚದ ಒಳಗೆ, ಸಿದ್ಧ ತಿಂಡಿಗಳಲ್ಲಿ ಅಡಗಿರುವುದೂ ಸೇರಿ. ಮೂರು ತಿಂಗಳಾದ ಮೇಲೆ, ಜ್ವರ, ಸೋಂಕು ಇಲ್ಲದ ದಿನ, ಅದೇ ಲ್ಯಾಬ್‌ನಲ್ಲಿ ಖಾಲಿ ಹೊಟ್ಟೆಯಲ್ಲಿ ಪರೀಕ್ಷಿಸಿ. ನಾನ್-ಎಚ್‌ಡಿಎಲ್ 130ರ ಕೆಳಗೆ ಬಾರದಿದ್ದರೆ, ಅಥವಾ ಲಿಪೊಪ್ರೋಟೀನ್(ಎ) ಹೆಚ್ಚಿದ್ದರೆ, ಅಥವಾ ಕ್ಯಾಲ್ಸಿಯಂ ಕಂಡಿದ್ದರೆ ಮಾತ್ರೆಗೆ ಒಪ್ಪಿಕೊಳ್ಳಿ ಎಂಬುದು ನನ್ನ ಸಲಹೆ. ನನ್ನ ಅಂದಾಜು, ನಿಮಗೆ ಈ ಬದಲಾವಣೆ, ಮಾತ್ರೆ ಎರಡೂ ಬೇಕಾಗುತ್ತದೆ.

ನಾರ್ಮಲ್ ವರದಿಯ ಧೈರ್ಯದಲ್ಲಿ ಒಂದನ್ನು ಮಾತ್ರ ಕಡೆಗಣಿಸಬೇಡಿ. ಎದೆಯ ಮೇಲೆ ಭಾರ ಹೇರಿದಂತೆ ಒತ್ತಡ, ತೋಳು, ದವಡೆ ಅಥವಾ ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ಕಾರಣವಿಲ್ಲದ ಉಸಿರುಗಟ್ಟುವಿಕೆ ಬಂದು ಕೆಲವು ನಿಮಿಷದಲ್ಲಿ ಹೋಗದಿದ್ದರೆ, ಗ್ಯಾಸ್ ಎಂದು ಕಾಯದೆ ಆಂಬುಲೆನ್ಸ್ ಕರೆಯಿರಿ. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ.

ತಮ್ಮನಿಗೆ ಪರೀಕ್ಷೆ ಖಂಡಿತ ಬೇಕು, ಆದರೆ ಟ್ರೆಡ್‌ಮಿಲ್, ಎಕೋ ಬೇಡ. ಲಿಪಿಡ್, ಎಚ್‌ಬಿಎ1ಸಿ, ಒಂದು ವಾರದ ಮನೆ ಬಿಪಿ, ಸೊಂಟದ ಅಳತೆ ಸಾಕು. ನಿಮ್ಮ ಲಿಪೊಪ್ರೋಟೀನ್(ಎ) ಹೆಚ್ಚು ಬಂದರೆ ಅವರದನ್ನೂ, ನಿಮ್ಮ ಮಕ್ಕಳದನ್ನೂ ನೋಡಿಸಬೇಕು. ತಮ್ಮ ಸಿಗರೇಟು ಸೇದುತ್ತಿದ್ದರೆ ಬೇರೆಲ್ಲಕ್ಕಿಂತ ಮೊದಲು ಅದನ್ನು ಬಿಡಬೇಕು. 'ದಿನಕ್ಕೆ ಒಂದೇ' ಎಂಬ ಸಮಾಧಾನಕ್ಕೆ ಅರ್ಥವಿಲ್ಲ, ದಿನಕ್ಕೆ 20 ಸೇದುವವರಿಗೆ ಹೃದ್ರೋಗದ ಅಪಾಯ ಎಷ್ಟು ಏರುತ್ತದೋ, ಒಂದೇ ಸೇದುವವರಿಗೂ ಅದರ ಅರ್ಧದಷ್ಟು ಏರುತ್ತದೆ.